ಹಡಗು ಕಸಿಯುವ ದೊರೆಗಳು ಮತ್ತು ನಮ್ಮ ಚಪ್ಪಾಳೆ

ಶುಕ್ರವಾರ ಬಂತೆಂದರೆ ನಮ್ಮ ಅನೇಕ ಮನೆಗಳಲ್ಲಿ ಸೂರಃ ಅಲ್ ಕಹ್ಫ್‌ನ ಪಾರಾಯಣ ನಡೆಯುತ್ತದೆ. ಅದರಲ್ಲಿ ಬರುವ ದೋಣಿಯ ಪ್ರಸಂಗವನ್ನು ಅರಿಯದ ಮುಸ್ಲಿಮರು ವಿರಳ. ಪ್ರವಾದಿ ಮೂಸಾ(ಅ) ಮತ್ತು ಪರಂಪರೆಯಲ್ಲಿ ಖಿಝರ್ ಎಂದು ಕರೆಯಲ್ಪಡುವ ಆ ಜ್ಞಾನಿ ಒಂದು ದೋಣಿಯನ್ನೇರುತ್ತಾರೆ. ಹತ್ತಿಸಿಕೊಂಡವರ ಉಪಕಾರವನ್ನೂ ಲೆಕ್ಕಿಸದೆ ಖಿಝರ್ ಆ ದೋಣಿಗೆ ರಂಧ್ರ ಕೊರೆದುಬಿಡುತ್ತಾರೆ. ಮೂಸಾ(ಅ)ರಿಗೆ ಆಘಾತವಾಗುತ್ತದೆ. ಕಾರಣ ತಿಳಿಯುವುದು ಪ್ರಸಂಗದ ಕೊನೆಯಲ್ಲಿ: ಅದು ಕಡಲಲ್ಲಿ ದುಡಿದು ಬದುಕುವ ಬಡವರ ದೋಣಿ. ಅವರ ಮುಂದೆ ಒಬ್ಬ ದೊರೆಯಿದ್ದ. ಕಣ್ಣಿಗೆ ಬಿದ್ದ ಸುಸ್ಥಿತಿಯ ದೋಣಿಗಳನ್ನೆಲ್ಲ ಬಲಾತ್ಕಾರದಿಂದ ಕಸಿದುಕೊಳ್ಳುತ್ತಿದ್ದ. ತೂತಾದ ದೋಣಿ ದೊರೆಗೆ ಬೇಡವಾಯಿತು, ಬಡವರಿಗೆ ಉಳಿಯಿತು.

ಈ ಕಥೆಯಿಂದ ನಮ್ಮ ಖತೀಬರು ಸಾಮಾನ್ಯವಾಗಿ ಎತ್ತುವುದು ಸಹನೆಯ ಪಾಠ, ಮನುಷ್ಯನ ಅಲ್ಪಜ್ಞಾನದ ಪಾಠ. ಅದು ಸರಿಯೇ. ಆದರೆ ಕಥೆಯೊಳಗಿನ ಆ ದೊರೆಯನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಅವನಿಗೆ ಹೆಸರಿಲ್ಲ, ದೇಶವಿಲ್ಲ, ಧರ್ಮವೂ ಇಲ್ಲ. ದೋಣಿಗಳನ್ನು ಯಾಕೆ ಹಿಡಿಯುತ್ತಿದ್ದನೆಂಬುದನ್ನೂ ಕುರ್‌ಆನ್ ತಿಳಿಸುವುದಿಲ್ಲ. ಯುದ್ಧವಿತ್ತೋ, ಬರಗಾಲವಿತ್ತೋ, ರಾಷ್ಟ್ರದ ಹಿತವೆಂಬ ಘನವಾದ ನೆಪವಿತ್ತೋ, ಯಾವುದನ್ನೂ ಹೇಳದೆ ಅವನ ಕೃತ್ಯಕ್ಕೆ ಒಂದೇ ಒಂದು ಹೆಸರನ್ನಿಡುತ್ತದೆ. ಅರಬಿಯಲ್ಲಿ ಅದು ‘ಘಸಬ್’. ಅನ್ಯರ ಸೊತ್ತನ್ನು ಬಲದಿಂದ ಕಿತ್ತುಕೊಳ್ಳುವುದು.

ಈ ಪದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಕಳೆದ ನೂರಾರು ವರ್ಷಗಳಿಂದ ಜಗತ್ತಿನ ಬಲಾಢ್ಯ ಸರಕಾರಗಳು ಇದೇ ಕೃತ್ಯಕ್ಕೆ ಬಗೆಬಗೆಯ ಗೌರವಾನ್ವಿತ ಹೆಸರುಗಳನ್ನು ಹುಡುಕುತ್ತಾ ಬಂದಿವೆ.

ಅಂತಾರಾಷ್ಟ್ರೀಯ ಕಾನೂನಿನ ಪುಸ್ತಕಗಳಲ್ಲಿ ‘ಆಂಗರಿ’ ಎಂಬ ಹಕ್ಕಿನ ಪ್ರಸ್ತಾಪವಿದೆ. ಯುದ್ಧನಿರತ ದೇಶವೊಂದು ತನ್ನ ಬಂದರಿನಲ್ಲಿ ನಿಂತಿರುವ ತಟಸ್ಥ ದೇಶದ ಹಡಗನ್ನು, ಅಗತ್ಯ ಬಿದ್ದರೆ, ಪರಿಹಾರ ಕೊಡುವ ಷರತ್ತಿನ ಮೇಲೆ ತನ್ನ ಕೆಲಸಕ್ಕೆ ಹಿಡಿದುಕೊಳ್ಳಬಹುದಂತೆ. ಪದದ ಮೂಲ ಪುರಾತನ ಪರ್ಶಿಯದ ರಾಜದೂತರ ವ್ಯವಸ್ಥೆಯಲ್ಲಿದೆ. ಅರಸನ ಅಂಚೆ ಸಾಗಲು ದಾರಿಯಲ್ಲಿ ಸಿಕ್ಕವನ ಕುದುರೆಯನ್ನೂ ಆಳನ್ನೂ ಹಿಡಿಯುವ ಅಧಿಕಾರ ಅದು. ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಸಲು ಪರ್ಶಿಯದವರೆಗೆ ಹೋಗಬೇಕಾಗಿಲ್ಲ. ತುಮಕೂರಿನ ಆಚೆ, ದೇವರಾಯನದುರ್ಗದ ಸೆರಗಿನಲ್ಲಿರುವ ಊರ್ಡಿಗೆರೆಯಂಥ ಊರಿನ ಹಿರಿಯರಿಗೆ ಕಡಲು ದೂರವಿರಬಹುದು, ಆದರೆ ‘ಬಿಟ್ಟಿ’ ಎಂಬ ಪದ ಗೊತ್ತು. ದೊಡ್ಡವರ ಸವಾರಿ ಬಂದಾಗ ಬಡ ರೈತನ ಗಾಡಿ, ಎತ್ತು, ಆಳು ಎಲ್ಲವೂ ಬಿಟ್ಟಿಗೆ ಹೋಗುತ್ತಿದ್ದ ಕಾಲವೊಂದು ಹಳೆಯ ಮೈಸೂರು ಸೀಮೆಯಲ್ಲಿತ್ತು. ಗಾಡಿ ಹಿಂದಿರುಗಿ ಬರಬಹುದು, ಬಾಡಿಗೆಯೂ ಸಿಗಬಹುದು. ಆದರೆ ‘ಕೊಡುವುದಿಲ್ಲ’ ಎನ್ನುವ ಮಾತು ಮಾತ್ರ ಗಾಡಿಯವನ ಬಾಯಲ್ಲಿ ಬರುವಂತಿರಲಿಲ್ಲ. ಆಂಗರಿಯೆಂದರೆ ಕಡಲ ಮೇಲಿನ ಬಿಟ್ಟಿ, ಅಷ್ಟೇ.

ಇದರ ಅತ್ಯಂತ ದೊಡ್ಡ ಉದಾಹರಣೆ ಮೊದಲ ಮಹಾಯುದ್ಧದ ಕೊನೆಯ ವರ್ಷದಲ್ಲಿ ನಡೆಯಿತು. 1918ರ ಜನವರಿ 8ರಂದು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ತಮ್ಮ ಪ್ರಸಿದ್ಧ ಹದಿನಾಲ್ಕು ಅಂಶಗಳನ್ನು ಜಗತ್ತಿನ ಮುಂದಿಟ್ಟರು. ಯುದ್ಧದ ಕಾಲದಲ್ಲಿಯೂ ಶಾಂತಿಯ ಕಾಲದಲ್ಲಿಯೂ ಸಮುದ್ರಯಾನಕ್ಕೆ ಪೂರ್ಣ ಸ್ವಾತಂತ್ರ್ಯವಿರಬೇಕೆಂಬುದು ಅವುಗಳಲ್ಲಿ ಎರಡನೆಯದು. ಪರಾಧೀನ ರಾಷ್ಟ್ರಗಳ ಜನ ಆ ಭಾಷಣದಲ್ಲಿ ಹೊಸ ಯುಗದ ಬೆಳಕನ್ನು ಕಂಡರು. ಅಲ್ಲಿಂದ ಎಣಿಸಿ ಎಪ್ಪತ್ತೊಂದನೆಯ ದಿನ, ಮಾರ್ಚ್ 20ರಂದು, ಅದೇ ವಿಲ್ಸನ್ ಇನ್ನೊಂದು ಘೋಷಣೆಗೆ ಸಹಿ ಹಾಕಿದರು. ಅಮೆರಿಕದ ಬಂದರುಗಳಲ್ಲಿದ್ದ, ಯಾರ ಮೇಲೂ ಯುದ್ಧ ಹೂಡದಿದ್ದ ಹಾಲೆಂಡಿನ 87 ವಾಣಿಜ್ಯ ಹಡಗುಗಳು ಅಮೆರಿಕದ ವಶವಾದವು. ಬ್ರಿಟನ್ ಕೂಡಾ ತನ್ನ ಬಂದರುಗಳಲ್ಲಿದ್ದ ಡಚ್ ಹಡಗುಗಳ ಮೇಲೆ ಕೈಹಾಕಿತು. ಎರಡೂ ಸೇರಿ ನೂರಕ್ಕೂ ಮಿಕ್ಕಿದ ಹಡಗುಗಳು. ಒಂದು ಪುಟ್ಟ ದೇಶದ ವ್ಯಾಪಾರದ ಬೆನ್ನೆಲುಬೇ ಅದು.

ಇದರ ಹಿಂದಿನ ರಾಜತಾಂತ್ರಿಕತೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಬಲವಂತವು ಮಾತುಕತೆಯ ವೇಷ ತೊಟ್ಟು ಬರುವ ಬಗೆ ಇಲ್ಲಿ ಬಹಳ ಸ್ಪಷ್ಟವಾಗಿದೆ. ಹಾಲೆಂಡಿನ ಜನರಿಗೆ ರೊಟ್ಟಿಗೆ ಧಾನ್ಯವಿರಲಿಲ್ಲ. ಧಾನ್ಯ ಅಮೆರಿಕದಲ್ಲಿತ್ತು. ಹಡಗುಗಳು ಹೊರಡಲು ಅಮೆರಿಕದ ಪರವಾನಗಿ ಬೇಕು, ಕಲ್ಲಿದ್ದಲು ಬೇಕು. ಅವೆರಡನ್ನೂ ತಡೆಹಿಡಿದು ಹಡಗುಗಳನ್ನು ತಿಂಗಳುಗಟ್ಟಲೆ ಬಂದರುಗಳಲ್ಲಿ ಕೊಳೆಹಾಕಲಾಯಿತು. ಬಳಿಕ ‘ಹಡಗು ಕೊಡಿ, ಧಾನ್ಯ ಕೊಡುತ್ತೇವೆ’ ಎಂಬ ಚೌಕಾಸಿ ಶುರುವಾಯಿತು. ಅತ್ತ ಜರ್ಮನಿಯು, ಮಿತ್ರಕೂಟಕ್ಕೆ ಹಡಗು ಒಪ್ಪಿಸಿದರೆ ಪರಿಣಾಮ ನೆಟ್ಟಗಾಗದು ಎಂದು ಬೆದರಿಸಿತು. ಡಚ್ ವಿದೇಶ ಸಚಿವ ಜಾನ್ ಲೌಡನ್ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾದರು. ಕೊನೆಗೆ ಮಾರ್ಚ್ ತಿಂಗಳಲ್ಲಿ ಗಡುವು ಬಂತು. ಹಾಲೆಂಡ್ ಪೂರ್ಣ ನಿರಾಕರಿಸಲಿಲ್ಲ. ನಮ್ಮ ಹಡಗುಗಳಲ್ಲಿ ಸೈನಿಕರನ್ನಾಗಲೀ ಯುದ್ಧಸಾಮಗ್ರಿಯನ್ನಾಗಲೀ ಸಾಗಿಸಬಾರದು ಎಂಬ ಷರತ್ತನ್ನಷ್ಟೇ ಮುಂದಿಟ್ಟಿತು. ತಟಸ್ಥ ದೇಶವೊಂದು ಇದಕ್ಕಿಂತ ಕಡಿಮೆ ಏನನ್ನು ತಾನೇ ಕೇಳಲು ಸಾಧ್ಯ? ಆ ಷರತ್ತು ಮಿತ್ರಕೂಟಕ್ಕೆ ಒಪ್ಪಿಗೆಯಾಗಲಿಲ್ಲ. ಬಲವಂತಕ್ಕೆ ‘ಹಕ್ಕು’ ಎಂಬ ಹೆಸರಿಟ್ಟು ಹಡಗುಗಳ ಮೇಲೆ ನೌಕಾಪಡೆಯನ್ನು ಹತ್ತಿಸಲಾಯಿತು. ಹಾಲೆಂಡ್ ಪ್ರತಿಭಟನೆ ದಾಖಲಿಸಿತು. ಅದರಿಂದ ಒಂದು ಹಡಗೂ ಮರಳಲಿಲ್ಲ. ಆ ಹಡಗುಗಳಲ್ಲಿ ಒಂದಾದ ‘ಮೆರಾಕ್’ ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಕರಾವಳಿಯಲ್ಲೇ ಜರ್ಮನ್ ಜಲಾಂತರ್ಗಾಮಿಗೆ ಬಲಿಯಾಯಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಅವರಿಗೆ ಹಡಗು ಬಿಟ್ಟುಕೊಟ್ಟಿರಿ, ನಮಗೇನು ಕೊಡುತ್ತೀರಿ ಎಂದು ಜರ್ಮನಿ ಏಪ್ರಿಲ್‌ನಲ್ಲಿ ಹಾಲೆಂಡಿನ ಕೊರಳು ಹಿಡಿಯಿತು. ತನ್ನ ಮರಳು, ಜಲ್ಲಿಯನ್ನು ಡಚ್ ನೆಲದ ಮೂಲಕ ಬೆಲ್ಜಿಯಮಿಗೆ ಸಾಗಿಸುವ ಅವಕಾಶವನ್ನು ಬೆದರಿಸಿಯೇ ಪಡೆದುಕೊಂಡಿತು. ಬಡವನ ದೋಣಿಗೆ ಒಬ್ಬನೇ ದೊರೆ ಎಂದು ಭಾವಿಸಿದರೆ ತಪ್ಪು. ಈ ದಡದಲ್ಲೊಬ್ಬ, ಆ ದಡದಲ್ಲೊಬ್ಬ.

ನಾರ್ವೆಯ ಪ್ರಕರಣವೂ ಇಂಥದ್ದೇ. ಅಮೆರಿಕದ ಹಡಗುಕಟ್ಟೆಗಳಲ್ಲಿ ನಾರ್ವೆಯ ವರ್ತಕರು ಕಟ್ಟಿಸುತ್ತಿದ್ದ ಹಡಗುಗಳನ್ನು 1917ರ ಆಗಸ್ಟ್‌ನಲ್ಲಿ ಅಮೆರಿಕ ಸರಕಾರ ವಶಪಡಿಸಿಕೊಂಡಿತು. ಹೇಗ್‌ನ ಪಂಚಾಯ್ತಿ ನ್ಯಾಯಮಂಡಳಿಯು 1922ರಲ್ಲಿ ಸುಮಾರು 120 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಅಮೆರಿಕ ಹಣ ಪಾವತಿಸಿತು, ಜೊತೆಗೆ ತೀರ್ಪಿನ ತತ್ವವನ್ನು ತಾನು ಒಪ್ಪುವುದಿಲ್ಲವೆಂದೂ ಹೇಳಿತು. ನ್ಯಾಯಮಂಡಳಿಗೆ ಹೋಗುವ ಶಕ್ತಿ ನಾರ್ವೆಗಿತ್ತು ಎಂಬುದನ್ನು ಮರೆಯಬಾರದು.

ಇದೆಲ್ಲ ಯುರೋಪಿನ ಮಾತು, ನಮಗೇಕೆ ಎನ್ನುವವರು ಕಾರವಾರದಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರು ಹೋಗಲಿ. ಅಲ್ಲಿ ಗೋವಾದ ಮುರ್ಗಾಂವ್ ಬಂದರಿದೆ. ಹುಬ್ಬಳ್ಳಿ–ಲೋಂಡಾ ಹಾದಿಯ ರೈಲು ಹೋಗಿ ಮುಟ್ಟುವ ಬಂದರು ಅದು. ಆಗ ಪೋರ್ಚುಗೀಸರ ಆಡಳಿತದಲ್ಲಿದ್ದ ಆ ಬಂದರಿನಲ್ಲಿ 1914ರ ಯುದ್ಧ ಆರಂಭವಾದಾಗ ಜರ್ಮನ್ ಹಡಗುಗಳು ಆಶ್ರಯ ಪಡೆದವು. ತಟಸ್ಥ ಬಂದರು ಎಂಬ ನಂಬಿಕೆಯೇ ಅವುಗಳಿಗೆ ಲಂಗರು. 1916ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಕೋರಿಕೆಯ ಮೇರೆಗೆ ಪೋರ್ಚುಗಲ್ ತನ್ನ ಬಂದರುಗಳಲ್ಲಿದ್ದ ಜರ್ಮನ್ ಹಡಗುಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿತು. ಲಿಸ್ಬನ್‌ನವು ಹೋದವು, ಮುರ್ಗಾಂವ್‌ನವೂ ಹೋದವು. ಮಾರ್ಚ್ 9ರಂದು ಜರ್ಮನಿ ಪೋರ್ಚುಗಲ್ ಮೇಲೆ ಯುದ್ಧ ಸಾರಿತು. ಕೆಲವು ಹಡಗುಗಳ ದೆಸೆಯಿಂದ ಒಂದು ಬಡ ದೇಶ ತನ್ನ ಮಕ್ಕಳನ್ನು ಫ್ರಾನ್ಸಿನ ಕಂದಕಗಳಿಗೆ ಕಳುಹಿಸಬೇಕಾಯಿತು.

ಎರಡನೆಯ ಮಹಾಯುದ್ಧದಲ್ಲಿ ಅದೇ ಬಂದರು, ಅದೇ ಕಥೆ, ಆದರೆ ಇನ್ನಷ್ಟು ನಾಚಿಕೆಗೇಡಿನದು. ಈ ಬಾರಿ ಪೋರ್ಚುಗಲ್ ತಟಸ್ಥವಾಗಿಯೇ ಉಳಿದಿತ್ತು. ಎಹ್ರೆನ್‌ಫೆಲ್ಸ್, ಬ್ರೌನ್‌ಫೆಲ್ಸ್, ದ್ರಾಖನ್‌ಫೆಲ್ಸ್ ಎಂಬ ಮೂರು ಜರ್ಮನ್ ಹಡಗುಗಳು ಮತ್ತು ಆನ್‌ಫೋರಾ ಎಂಬ ಇಟಲಿಯ ಹಡಗು ಅಲ್ಲಿ ನಿಂತಿದ್ದವು. ಎಹ್ರೆನ್‌ಫೆಲ್ಸ್‌ನಲ್ಲಿ ರಹಸ್ಯ ರೇಡಿಯೋ ಇದೆ, ಅದರಿಂದ ಜರ್ಮನ್ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗುತ್ತಿದೆ ಎಂಬುದು ಬ್ರಿಟಿಷರ ಆರೋಪ. 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ದಳದ ಬ್ರಿಟಿಷರು ‘ಫೀಬಿ’ ಎಂಬ ಹಳೆಯ ದೋಣಿಯಲ್ಲಿ ಬಂದು ತಟಸ್ಥ ಬಂದರಿನೊಳಗೇ ದಾಳಿ ನಡೆಸಿದರು. ಇವರು ಸಕ್ರಿಯ ಸೈನಿಕರೂ ಆಗಿರಲಿಲ್ಲ. ಕಲ್ಕತ್ತೆಯ ಕಂಪೆನಿಗಳಲ್ಲಿ ಕೆಲಸಕ್ಕಿದ್ದ, ವಯಸ್ಸು ಮೀರಿದ ದೊರೆಗಳು. ಎಹ್ರೆನ್‌ಫೆಲ್ಸ್‌ನ ಕಪ್ತಾನನೂ ಕೆಲವು ನಾವಿಕರೂ ಹತರಾದರು. ಹಡಗುಗಳು ಶತ್ರುವಿನ ಕೈಗೆ ಸಿಗಬಾರದೆಂದು ಅವುಗಳ ನಾವಿಕರೇ ಅವನ್ನು ಸುಟ್ಟು ಮುಳುಗಿಸಿದರು. ಖಿಝರ್ ಕೊರೆದ ರಂಧ್ರ ದೋಣಿಯನ್ನು ಉಳಿಸಲಿಕ್ಕಾಗಿತ್ತು, ಇಲ್ಲಿ ಆ ಭಾಗ್ಯವೂ ಇರಲಿಲ್ಲ.

ಬ್ರಿಟನ್ ಈ ಕೃತ್ಯವನ್ನು ದಶಕಗಳ ಕಾಲ ಮುಚ್ಚಿಟ್ಟಿತು. ಜೇಮ್ಸ್ ಲೀಸರ್ ಎಂಬ ಲೇಖಕ 1978ರಲ್ಲಿ ಪುಸ್ತಕ ಬರೆದ ಮೇಲೆಯೇ ಅದು ಲೋಕಕ್ಕೆ ತಿಳಿದದ್ದು. 1980ರಲ್ಲಿ ಸಿನಿಮಾ ಬಂತು. ತಟಸ್ಥ ಬಂದರಿನ ಉಲ್ಲಂಘನೆ ಪರದೆಯ ಮೇಲೆ ಸಾಹಸಗಾಥೆಯಾಗಿ ಮೆರೆಯಿತು. ವಿಪರ್ಯಾಸವೆಂದರೆ, ಈ ದಾಳಿ ನಡೆದ ಏಳು ತಿಂಗಳಿಗೆ, ಅಕ್ಟೋಬರ್‌ನಲ್ಲಿ, ಅಮೆರಿಕ ಮತ್ತು ಜಪಾನ್‌ಗಳು ತಮ್ಮ ತಮ್ಮ ದೇಶಗಳಲ್ಲಿ ಸಿಕ್ಕಿಬಿದ್ದಿದ್ದ ನಾಗರಿಕರನ್ನು ಪರಸ್ಪರ ಬಿಟ್ಟುಕೊಡಲು ಆರಿಸಿಕೊಂಡ ಸ್ಥಳವೂ ಮುರ್ಗಾಂವ್ ಬಂದರೇ. ತಟಸ್ಥ ಸ್ವೀಡನ್ನಿನ ‘ಗ್ರಿಪ್ಸ್‌ಹೋಮ್’ ಹಡಗು ಅಲ್ಲಿಗೆ ಬಂದು, ಸಾವಿರಾರು ಜನ ತಮ್ಮ ಮನೆಗಳ ದಾರಿ ಹಿಡಿದರು. ತಟಸ್ಥತೆಯೆಂಬುದು ಯಾರ ಪ್ರಾಣ ಉಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆಗಿನ ಭಾರತಕ್ಕೆ ತಟಸ್ಥತೆಯ ಈ ಮರ್ಯಾದೆಯೂ ಇರಲಿಲ್ಲ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್ಗೊ ಭಾರತದ ಒಬ್ಬ ಪ್ರತಿನಿಧಿಯನ್ನೂ ಕೇಳದೆ ನಮ್ಮನ್ನು ಯುದ್ಧಕ್ಕೆ ನೂಕಿದರು. ಗುಲಾಮನ ದೋಣಿಯನ್ನು ಕಸಿಯಲು ನೆಪವೂ ಬೇಕಾಗುವುದಿಲ್ಲ. ಹಜ್ಜ್ ಯಾತ್ರಿಕರ ಸೇವೆಗಾಗಿ ಭಾರತೀಯರದೇ ಆದ ಸಿಂಧಿಯಾ ಕಂಪೆನಿ ಓಡಿಸುತ್ತಿದ್ದ ‘ಎಲ್ ಮದೀನಾ’ ಹಡಗನ್ನು ಸೈನಿಕರ ಸಾಗಾಟಕ್ಕೆ ಹಚ್ಚಲಾಯಿತು. 1944ರ ಮಾರ್ಚ್ 16ರಂದು ಕಲ್ಕತ್ತದಿಂದ ಚಿತ್ತಗಾಂಗಿಗೆ ಹೋಗುತ್ತಿದ್ದಾಗ ಬಂಗಾಳ ಕೊಲ್ಲಿಯಲ್ಲಿ ಅದನ್ನು ಜಪಾನಿನ ಜಲಾಂತರ್ಗಾಮಿ ಮುಳುಗಿಸಿತು. ಮುನ್ನೂರಕ್ಕೂ ಹೆಚ್ಚು ಜನ ಜಲಸಮಾಧಿಯಾದರು. ‘ಲಬ್ಬೈಕ್’ ಹೇಳುತ್ತ ಹೋಗಬೇಕಾಗಿದ್ದ ಹಡಗು ಅದು. ಹಾಲೆಂಡಿನ ಹಡಗುಗಳ ಬಗ್ಗೆ ಬರೆದ ಇತಿಹಾಸದ ಸಂಪುಟಗಳೇ ಇವೆ. ನಮ್ಮ ಹಜ್ಜ್ ಹಡಗಿನ ಬಗ್ಗೆ ನಮ್ಮ ಮಕ್ಕಳಿಗೆ ಯಾರಾದರೂ ಹೇಳಿದ್ದಾರೆಯೇ?

ಇನ್ನು ಹಡಗಿನೊಳಗೆ ಬೆವರು ಸುರಿಸಿದವರು. ಬ್ರಿಟಿಷ್ ಹಡಗುಗಳ ಬಾಯ್ಲರಿಗೆ ಕಲ್ಲಿದ್ದಲು ಎರಚಿದ ಲಸ್ಕರರಲ್ಲಿ ಬಹುಪಾಲು ಪೂರ್ವ ಬಂಗಾಳ, ಕೊಂಕಣ, ಪಂಜಾಬಿನ ಬಡ ಮುಸ್ಲಿಮರು. ಮೊದಲ ಯುದ್ಧದಲ್ಲಿ ಮಡಿದ ಬಂಗಾಳ, ಅಸ್ಸಾಮಿನ 896 ಲಸ್ಕರರ ಸ್ಮರಣೆಗೆ ಕೋಲ್ಕತ್ತದ ಹೂಗ್ಲಿ ದಡದಲ್ಲೊಂದು ಸ್ಮಾರಕ ನಿಂತಿದೆ. ಡಚ್ ಹಡಗುಮಾಲಕನಿಗೆ ಬಾಡಿಗೆ ಸಿಕ್ಕಿತು, ನಾರ್ವೆಯ ವರ್ತಕನಿಗೆ ಡಾಲರ್ ಸಿಕ್ಕಿತು. ಲಸ್ಕರನ ಪಾಲಿಗೆ ದಕ್ಕಿದ್ದು ಕಲ್ಲು.

ಪೋರ್ಚುಗೀಸರ ಕಾಲದ ಮಾತನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಅರಬಿ ಸಮುದ್ರದಲ್ಲಿ ಯಾರು ಸಂಚರಿಸಬೇಕಾದರೂ ‘ಕಾರ್ತಾಜ್’ ಎಂಬ ತಮ್ಮ ರಹದಾರಿ ಪಡೆಯಬೇಕೆಂದು ಅವರು ಕಟ್ಟಳೆ ಮಾಡಿದ್ದರು. ಅದನ್ನು ಹೊಂದಿದ್ದ, ಅಕ್ಬರನ ಪತ್ನಿಯೂ ಜಹಾಂಗೀರನ ತಾಯಿಯೂ ಆದ ಮರಿಯಮುಝ್ಝಮಾನಿಯವರ ‘ರಹೀಮಿ’ ಹಡಗನ್ನೇ 1613ರಲ್ಲಿ ಯಾತ್ರಿಕರ ಸಮೇತ ಹಿಡಿದೊಯ್ದರು. ರಾಜಮಾತೆಯ ಹಡಗೆಂದು ಜಹಾಂಗೀರ್ ಸಿಟ್ಟಾಗಿ ದಮನ್‌ನತ್ತ ಸೈನ್ಯ ಕಳುಹಿಸಿದ. ಅದಕ್ಕೂ ಮೊದಲು, 1502ರಲ್ಲಿ, ಮಕ್ಕಾದಿಂದ ಮರಳುತ್ತಿದ್ದ ಸಾಮಾನ್ಯ ಯಾತ್ರಿಕರ ಹಡಗನ್ನು ವಾಸ್ಕೋ ಡ ಗಾಮ ಮಲಬಾರಿನ ಕಡಲಲ್ಲಿ ಸುಟ್ಟಾಗ ಸೈನ್ಯ ಕಳುಹಿಸಲು ಯಾವ ಬಾದಶಹನೂ ಇರಲಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. 2019ರ ಜುಲೈ 4ರಂದು ಜಿಬ್ರಾಲ್ಟರಿನ ಬಳಿ ಬ್ರಿಟಿಷ್ ನೌಕಾಸೈನಿಕರು ‘ಗ್ರೇಸ್ 1’ ಎಂಬ, ಇರಾನಿನ ತೈಲ ಹೊತ್ತ ಹಡಗನ್ನು ಹಿಡಿದರು. ಅದರಲ್ಲಿದ್ದ 28 ಮಂದಿಯಲ್ಲಿ 24 ಮಂದಿ ಭಾರತೀಯರು. ಕಪ್ತಾನನೂ ಮೂವರು ಅಧಿಕಾರಿಗಳೂ ಬಂಧಿತರಾದರು, ಆ ನಾಲ್ವರೂ ಭಾರತೀಯರೇ. ಹದಿನೈದು ದಿನ ಕಳೆಯುವಷ್ಟರಲ್ಲಿ, ಜುಲೈ 19ರಂದು, ಇರಾನ್ ಹೋರ್ಮುಝ್ ಜಲಸಂಧಿಯಲ್ಲಿ ಬ್ರಿಟಿಷ್ ಧ್ವಜದ ‘ಸ್ಟೇನಾ ಇಂಪೆರೊ’ ಹಡಗನ್ನು ಹಿಡಿಯಿತು. ಅದರ 23 ಮಂದಿಯಲ್ಲಿ 18 ಮಂದಿ ಭಾರತೀಯರು. ಲಂಡನ್ ಮತ್ತು ತೆಹ್ರಾನ್‌ಗಳ ಜಗಳದಲ್ಲಿ ಎರಡೂ ಕಡೆ ಒತ್ತೆಯಾಗಿ ಕುಳಿತವರು ನಮ್ಮ ದೇಶದ ಕೂಲಿಕಾರರು. ಒಂದು ಹಡಗು ಆಗಸ್ಟ್ ನಡುವಿನಲ್ಲಿ, ಇನ್ನೊಂದು ಸೆಪ್ಟೆಂಬರ್ ಕೊನೆಯಲ್ಲಿ ಬಿಡುಗಡೆಯಾಯಿತು. ಬ್ರಿಟನ್ ಹಿಡಿದದ್ದು ‘ದಿಗ್ಬಂಧನದ ಜಾರಿ’, ಇರಾನ್ ಹಿಡಿದದ್ದು ‘ಕಡಲ್ಗಳ್ಳತನ’ ಎಂದು ಪಾಶ್ಚಾತ್ಯ ಮಾಧ್ಯಮಗಳು ಬರೆದವು. ನಮ್ಮ ವಾರ್ತಾವಾಹಿನಿಗಳು ಅದನ್ನೇ ಗಿಳಿಪಾಠ ಒಪ್ಪಿಸಿದವು. ನಮ್ಮವರೇನು ಕಡಿಮೆ? ಅದೇ ಮಾತನ್ನು ತಿರುವಿ ಹಾಕಿ, ಬ್ರಿಟನ್ನಿನದು ದರೋಡೆ, ಇರಾನಿನದು ಶೌರ್ಯ ಎಂದರು. ಎರಡೂ ಹಡಗುಗಳ ಒಳಗಿದ್ದ ನಲವತ್ತೆರಡು ಭಾರತೀಯ ಕುಟುಂಬಗಳ ಅನ್ನದಾತರ ಬಗ್ಗೆ ಎರಡೂ ಕಡೆಯವರಿಗೆ ಆಡಲು ಮಾತಿರಲಿಲ್ಲ.

2023ರ ನವೆಂಬರ್ 19ರಂದು ಯಮನಿನ ಹೌತಿಗಳು ಕೆಂಪು ಸಮುದ್ರದಲ್ಲಿ ‘ಗ್ಯಾಲಕ್ಸಿ ಲೀಡರ್’ ಹಡಗಿನ ಮೇಲೆ ಹೆಲಿಕಾಪ್ಟರ್ ಇಳಿಸಿ ಅದನ್ನು ವಶಪಡಿಸಿಕೊಂಡರು. ಆ ವಿಡಿಯೋ ನಮ್ಮ ಊರೂರುಗಳನ್ನು ತಲುಪಿತು. ಊರ್ಡಿಗೆರೆಯಲ್ಲಿ ಆ ದಿನಗಳ ಒಂದು ಜುಮಾ ನಮಾಝಿನ ಬಳಿಕ ನಾಲ್ಕಾರು ಯುವಕರು ಮೊಬೈಲನ್ನು ಕೈಯಿಂದ ಕೈಗೆ ದಾಟಿಸುತ್ತ ‘ಮಾಶಾ ಅಲ್ಲಾಹ್’ ಎನ್ನುತ್ತಿದ್ದುದನ್ನು ಈ ಲೇಖಕನೇ ಕಂಡಿದ್ದಾನೆ. ಅವರನ್ನು ಹಳಿಯುವುದು ಸುಲಭ. ಗಾಝಾದಲ್ಲಿ ದಿನವೂ ಮಕ್ಕಳ ಶವಗಳನ್ನು ಕಂಡು ಕುದಿಯುತ್ತಿದ್ದ ಎದೆಗಳವು. ಯಾರಾದರೂ ಏನಾದರೂ ಮಾಡಿದರಲ್ಲ ಎಂಬ ತಣಿವು ಅದು. ಆದರೆ ಆ ಹಡಗಿನಲ್ಲಿ ಇದ್ದವರು ಯಾರು? ಒಡೆತನದ ಕಂಪೆನಿಗೆ ಇಸ್ರೇಲಿ ಉದ್ಯಮಿಯ ನಂಟಿತ್ತು, ನಿಜ. ಧ್ವಜ ಬಹಾಮಾಸ್‌ನದು, ನಡೆಸುತ್ತಿದ್ದದ್ದು ಜಪಾನಿನ ಕಂಪೆನಿ. ಒಳಗಿದ್ದ 25 ನಾವಿಕರು ಫಿಲಿಪ್ಪೀನ್ಸ್, ಬಲ್ಗೇರಿಯ, ರುಮೇನಿಯ, ಉಕ್ರೇನ್, ಮೆಕ್ಸಿಕೋ ದೇಶಗಳವರು. ಒಬ್ಬನೇ ಒಬ್ಬ ಇಸ್ರೇಲಿ ಇರಲಿಲ್ಲ. ಹಡಗನ್ನು ಜನ ನೋಡಿ ನಲಿಯುವ ಪ್ರದರ್ಶನದ ವಸ್ತುವನ್ನಾಗಿ ಮಾಡಲಾಯಿತು. ಆ 25 ಮಂದಿ ಹದಿನಾಲ್ಕು ತಿಂಗಳು ಒತ್ತೆಯಲ್ಲಿದ್ದು, ಗಾಝಾ ಕದನವಿರಾಮದ ನಂತರ, 2025ರ ಜನವರಿ 22ರಂದು ಒಮಾನಿನ ಮಧ್ಯಸ್ಥಿಕೆಯಿಂದ ಬಿಡುಗಡೆ ಹೊಂದಿದರು. ಇದರ ನಡುವೆ, 2024ರ ಮಾರ್ಚ್‌ನಲ್ಲಿ, ‘ಟ್ರೂ ಕಾನ್ಫಿಡೆನ್ಸ್’ ಎಂಬ ಹಡಗಿಗೆ ಬಡಿದ ಹೌತಿ ಕ್ಷಿಪಣಿಗೆ ಮೂವರು ನಾವಿಕರು ಬಲಿಯಾದರು. ಇಬ್ಬರು ಫಿಲಿಪ್ಪೀನ್ಸ್‌ನವರು, ಒಬ್ಬ ವಿಯೆಟ್ನಾಮಿನವನು. ಗಾಝಾವನ್ನು ಮುತ್ತಿದವರು ಇವರೇ?

‘ಇಸ್ರೇಲ್ ಮಾಡಿದ್ದೇನು?’ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಬರಲೇಬೇಕು. 2010ರ ಮೇ 31ರಂದು ಅಂತಾರಾಷ್ಟ್ರೀಯ ಸಮುದ್ರದಲ್ಲಿ ನೆರವಿನ ಹಡಗು ‘ಮಾವಿ ಮರ್ಮರಾ’ದ ಮೇಲೆ ಇಸ್ರೇಲಿ ಕಮಾಂಡೋಗಳು ಇಳಿದು ಒಂಬತ್ತು ಮಂದಿಯನ್ನು ಕೊಂದರು. ಗಾಯಗೊಂಡಿದ್ದ ಹತ್ತನೆಯವನು ವರ್ಷಗಳ ಬಳಿಕ ಮೃತನಾದ. ಆ ಹಡಗಿನ ಮೇಲೆ ಹಾರುತ್ತಿದ್ದದ್ದು ಪುಟ್ಟ ಕೊಮೊರೊಸ್ ದೇಶದ ಧ್ವಜ. 2016ರಲ್ಲಿ ಎರಡು ಕೋಟಿ ಡಾಲರ್ ಕೊಟ್ಟು ಇಸ್ರೇಲ್ ಪ್ರಕರಣ ಮುಗಿಸಿಕೊಂಡಿತು. 2025ರ ಅಕ್ಟೋಬರ್‌ನಲ್ಲಿ ಸುಮೂದ್ ಫ್ಲೊಟಿಲ್ಲಾದ ನಲವತ್ತಕ್ಕೂ ಹೆಚ್ಚು ದೋಣಿಗಳನ್ನು ಹಿಡಿದು, ಹಸಿದವರಿಗೆ ಆಹಾರ ಒಯ್ಯುತ್ತಿದ್ದವರನ್ನು ಬಂಧಿಸಿತು. ಇದು ಘಸಬ್ ಅಲ್ಲದೆ ಇನ್ನೇನು? ಇದನ್ನು ಖಂಡಿಸುವಾಗ ನಾವು ಯಾವ ನ್ಯಾಯವನ್ನು ಮುಂದಿಡುತ್ತೇವೆಯೋ, ‘ಕಡಲು ಸ್ವತಂತ್ರ, ನಿರಾಯುಧನ ಹಡಗನ್ನು ಮುಟ್ಟಬಾರದು’ ಎಂಬ ಆ ನ್ಯಾಯವನ್ನೇ ಗ್ಯಾಲಕ್ಸಿ ಲೀಡರ್‌ನ ಅಡುಗೆಯಾಳಿಗೆ ನಿರಾಕರಿಸಿದರೆ ನಮ್ಮ ಖಂಡನೆಗೆ ಉಳಿಯುವ ಬೆಲೆಯೇನು? ಪಡೆಯುವಾಗ ತುಂಬ ಅಳೆದು, ಕೊಡುವಾಗ ತಕ್ಕಡಿ ಮುಟ್ಟುವವರ ಬಗ್ಗೆ ಕುರ್‌ಆನ್ ಒಂದು ಅಧ್ಯಾಯವನ್ನೇ ಇಟ್ಟಿದೆ. ಅದು ಕೇವಲ ಕಿರಾಣಿ ಅಂಗಡಿಯವರಿಗೆ ಇಳಿದದ್ದಲ್ಲ.

ಯುದ್ಧಕಾಲದಲ್ಲಿ ಅನ್ಯರ ಸೊತ್ತು ಬೇಕಾದಾಗ ಏನು ಮಾಡಬೇಕೆಂಬುದಕ್ಕೆ ನಮಗೆ ಹೇಗ್‌ನ ನ್ಯಾಯಮಂಡಳಿಗಿಂತ ಹಳೆಯ ಮಾದರಿಯೊಂದಿದೆ. ಹುನೈನ್ ಯುದ್ಧದ ಮುನ್ನ ಪ್ರವಾದಿ(ಸ)ರಿಗೆ ಕವಚಗಳ ಅಗತ್ಯ ಬಿತ್ತು. ಅವು ಮಕ್ಕಾದ ಸಫ್ವಾನ್ ಬಿನ್ ಉಮಯ್ಯರ ಬಳಿ ಇದ್ದವು. ಸಫ್ವಾನ್ ಆಗ ಇನ್ನೂ ಬಹುದೇವಾರಾಧಕರು. ಇಸ್ಲಾಮಿನ ಬಗ್ಗೆ ಯೋಚಿಸಲು ಕಾಲಾವಕಾಶ ಪಡೆದು ಸುಮ್ಮನಿದ್ದವರು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ತಟಸ್ಥರು. ಮಕ್ಕಾ ವಿಜಯವಾಗಿ ಕೆಲವೇ ದಿನಗಳಾಗಿದ್ದವು. ಅವರ ಮನೆಗೆ ನಾಲ್ಕು ಜನರನ್ನು ಕಳುಹಿಸಿ ಕವಚಗಳನ್ನು ಹೊರಿಸಿಕೊಂಡು ಬರುವುದು ವಿಜಯೀ ಸೇನೆಗೆ ಯಾವ ಕಷ್ಟವೂ ಆಗಿರಲಿಲ್ಲ. ಆದರೆ ಪ್ರವಾದಿ(ಸ)ರು ಕೇಳಿದರು. ಇದು ಘಸಬ್ ಏನು ಎಂದು ಸಫ್ವಾನ್ ಮುಖಕ್ಕೆ ಹೊಡೆದಂತೆ ಪ್ರಶ್ನಿಸಿದರು. ಸೂರಃ ಅಲ್ ಕಹ್ಫ್‌ನ ದೊರೆಯ ಕೃತ್ಯಕ್ಕೆ ಬಳಕೆಯಾದ ಪದವೇ ಅದು! ಅಲ್ಲ, ಮರಳಿಸುವ ಹೊಣೆ ಹೊತ್ತು ಪಡೆಯುವ ಎರವಲು ಎಂದು ಪ್ರವಾದಿ(ಸ)ರು ಉತ್ತರಿಸಿದರು. ಯುದ್ಧ ಮುಗಿದು ಕೆಲವು ಕವಚಗಳು ಕಾಣೆಯಾಗಿದ್ದಾಗ ಅವುಗಳ ಪರಿಹಾರಕ್ಕೂ ಸಿದ್ಧರಾದರು. ಸಫ್ವಾನ್ ಬೇಡವೆಂದರು, ಅಷ್ಟರಲ್ಲಿ ಅವರ ಹೃದಯ ಬದಲಾಗಿತ್ತು.

ವಿಲ್ಸನ್ನರೂ ಪರಿಹಾರ ಕೊಟ್ಟರಲ್ಲ, ವ್ಯತ್ಯಾಸವೇನು ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸ ಹಣದಲ್ಲಿಲ್ಲ. ಸಫ್ವಾನ್‌ಗೆ ‘ಇಲ್ಲ’ ಎನ್ನುವ ಅವಕಾಶವಿತ್ತು, ‘ಇದು ದರೋಡೆಯೇ?’ ಎಂದು ಗೆದ್ದವರ ಎದುರು ನಿಂತು ಕೇಳುವ ಧೈರ್ಯಕ್ಕೆ ಅಲ್ಲಿ ಜಾಗವಿತ್ತು. ಡಚ್ಚರು ಒಂದು ಷರತ್ತು ಹೇಳಿದ್ದಕ್ಕೆ ಎರಡೇ ದಿನಗಳಲ್ಲಿ ಹಡಗು ಹೋಯಿತು.

ಅದೇ ಹುನೈನ್ ಕಾಲದ ಸುಮಾರಿಗೆ ಇನ್ನೊಂದು ಆಜ್ಞೆಯೂ ಹೊರಟಿತು. ರಣರಂಗದಲ್ಲಿ ಹತಳಾಗಿ ಬಿದ್ದಿದ್ದ ಸ್ತ್ರೀಯೊಬ್ಬಳನ್ನು ಕಂಡ ಪ್ರವಾದಿ(ಸ)ರು ಮುಂದಣ ಪಡೆಯಲ್ಲಿದ್ದ ಖಾಲಿದ್ ಬಿನ್ ವಲೀದ್‌ರಿಗೆ ಜನ ಕಳುಹಿಸಿ, ಸ್ತ್ರೀಯರನ್ನೂ ಕೂಲಿಯಾಳುಗಳನ್ನೂ ಕೊಲ್ಲಬಾರದೆಂದು ತಡೆದರು. ಶತ್ರು ಸೇನೆಯ ಜೊತೆ ಬಂದ ಕೂಲಿಯಾಳಿಗೇ ಈ ರಕ್ಷಣೆಯಿದ್ದರೆ, ಜಗಳಕ್ಕೇ ಸಂಬಂಧವಿಲ್ಲದ ಮನಿಲಾದ ಕೂಲಿಯಾಳನ್ನು ಹದಿನಾಲ್ಕು ತಿಂಗಳು ಕೂಡಿಹಾಕಲು ಯಾವ ಫಿಕ್ಹ್ ಅನುಮತಿ ಕೊಡುತ್ತದೆ? ಈ ಪ್ರಶ್ನೆಯನ್ನು ನಮ್ಮ ಉಲಮಾ ವರ್ಗ ಆಗ ಎತ್ತಬೇಕಾಗಿತ್ತು. ಫ್ಯಾನಿನ ಕೆಳಗೆ ಕುಳಿತು ಸಮುದ್ರದ ಜಿಹಾದಿಗೆ ಜಯಕಾರ ಹಾಕುವುದರಲ್ಲಿ ಯಾವ ತ್ಯಾಗವೂ ಇಲ್ಲ. ತನ್ನವರ ತಪ್ಪನ್ನು ತಪ್ಪೆನ್ನುವುದಕ್ಕೆ ಮಾತ್ರ ಒಂದಿಷ್ಟು ಎದೆಗಾರಿಕೆ ಬೇಕು. (ಘಸಬ್‌ನ ಮಾತು ಬಂದಾಗ, ನಾಮಮಾತ್ರದ ಬಾಡಿಗೆಗೆ ವಕ್ಫ್ ಅಂಗಡಿ ಹಿಡಿದು ಕುಳಿತಿರುವ ಸಮುದಾಯದ ಗಣ್ಯರು ಈ ಲೇಖನವನ್ನು ಹಡಗಿನ ವಿಷಯವೆಂದು ಬದಿಗಿಡದಿದ್ದರೆ ಒಳಿತು.)

ರಾಜತಾಂತ್ರಿಕತೆಯಿಂದ ಏನೂ ಆಗದು ಎಂಬ ಸಿನಿಕತನವನ್ನೂ ಒಪ್ಪಲಾಗದು. 2024ರ ಏಪ್ರಿಲ್ 13ರಂದು ಇರಾನ್ ಹೋರ್ಮುಝ್ ಬಳಿ ‘ಎಂಎಸ್‌ಸಿ ಏರೀಸ್’ ಹಡಗನ್ನು ಹಿಡಿಯಿತು. ಮುರ್ಗಾಂವ್‌ನ ಕಥೆಯನ್ನು ನೆನಪಿಸುವಂತೆ ಅದರ ಮೇಲಿದ್ದದ್ದೂ ಪೋರ್ಚುಗಲ್‌ನ ಧ್ವಜ. ಒಳಗಿದ್ದ 25 ಮಂದಿಯಲ್ಲಿ 17 ಮಂದಿ ಭಾರತೀಯರು. ಮರುದಿನವೇ ಭಾರತದ ವಿದೇಶ ಸಚಿವರು ಇರಾನಿನ ವಿದೇಶ ಸಚಿವರೊಂದಿಗೆ ಮಾತನಾಡಿದರು. ಐದನೆಯ ದಿನ ಕೇರಳದ ಯುವತಿಯೊಬ್ಬಳು ಊರು ಸೇರಿದಳು, ಮೇ ತಿಂಗಳಲ್ಲಿ ಐವರು ಹಿಂದಿರುಗಿದರು. ಸರಕಾರವನ್ನು ಟೀಕಿಸಲು ನಮಗೆ ನೂರು ಕಾರಣಗಳಿವೆ; ಇಲ್ಲಿ ಅದು ಮಾಡಿದ್ದು ಸರಿಯಾದ ಕೆಲಸ. ಆದರೆ ಪ್ರತಿ ಸಲವೂ ಫೋನು ಹಚ್ಚಿ ಬೇಡಿಕೊಳ್ಳುವ ಬದಲು, ಹಡಗಿನ ಜಗಳ ಎಷ್ಟು ವರ್ಷ ಬೇಕಾದರೂ ನಡೆಯಲಿ, ನಾವಿಕರನ್ನು ಮೊದಲ ದಿನಗಳಲ್ಲೇ ಮನೆಗೆ ಕಳುಹಿಸಬೇಕು ಎಂಬುದನ್ನು ಒಂದು ಅಂತಾರಾಷ್ಟ್ರೀಯ ಕಟ್ಟಳೆಯನ್ನಾಗಿ ಮಾಡಿಸಲು ಭಾರತ ಮುಂದಾಗಬೇಕಾಗಿದೆ. ಜಗತ್ತಿಗೆ ಅತಿ ಹೆಚ್ಚು ನಾವಿಕರನ್ನು ಒದಗಿಸುವ ದೇಶಗಳಲ್ಲಿ ನಮ್ಮದೂ ಒಂದು. ಫಿಲಿಪ್ಪೀನ್ಸ್ ನಮ್ಮ ಜೊತೆಗೂಡಿದರೆ ಹಡಗುಗಳನ್ನು ಓಡಿಸುವವರಲ್ಲಿ ದೊಡ್ಡ ಪಾಲು ಒಂದೇ ದನಿಯಲ್ಲಿ ಮಾತನಾಡಿದಂತಾಗುತ್ತದೆ.

ಮುಸ್ಲಿಮ್ ಸಂಘಟನೆಗಳಿಗೂ ಇದರಲ್ಲಿ ಕೆಲಸವಿದೆ. ಫೆಲೆಸ್ತೀನಿಗಾಗಿ ದೆಹಲಿಯಲ್ಲಿ ಮನವಿಪತ್ರ ಸಲ್ಲಿಸುವ ನಿಯೋಗಗಳು ಇರಾನಿನ ರಾಯಭಾರ ಕಚೇರಿಗೂ ಒಂದು ಪತ್ರ ಬರೆಯಬಹುದು. ಒಮಾನಿನಂಥ ಮಧ್ಯಸ್ಥ ರಾಷ್ಟ್ರದ ಕೈಯನ್ನು ಬಲಪಡಿಸಬಹುದು. ಹಡಗು ಹಿಡಿದವರು ಮುಸ್ಲಿಮರಾಗಿದ್ದಾಗ ಮುಸ್ಲಿಮರ ಪತ್ರಕ್ಕೆ ಇರುವ ತೂಕ ಬೇರೆಯವರ ಪತ್ರಕ್ಕಿಲ್ಲ. ಗ್ಯಾಲಕ್ಸಿ ಲೀಡರ್‌ನ ನಾವಿಕರು ಒತ್ತೆಯಲ್ಲಿದ್ದ ಆ ಹದಿನಾಲ್ಕು ತಿಂಗಳುಗಳಲ್ಲಿ ಅಂಥ ಒಂದು ಪತ್ರ ನಮ್ಮ ರಾಜ್ಯದ ಯಾವುದಾದರೂ ಕಚೇರಿಯಿಂದ ಹೊರಟಿತ್ತೇ ಎಂಬುದನ್ನು ಆಯಾ ಸಂಘಟನೆಗಳ ಪದಾಧಿಕಾರಿಗಳೇ ಹೇಳಬೇಕು. ಹಡಗು ಮಾತ್ರ ಯಮನಿನ ರಾಸ್ ಈಸಾ ಬಂದರಿನಲ್ಲೇ ಉಳಿದಿತ್ತು. 2025ರ ಜುಲೈಯಲ್ಲಿ ಇಸ್ರೇಲಿ ವಿಮಾನಗಳು ಅದರ ಮೇಲೂ ಬಾಂಬು ಹಾಕಿದವು.